ಸೈಕಲ್ ಬುಟ್ಟಿಯಲ್ಲಿದ್ದ ಗಂಟು

ಯಾಮಾತೊ-ಕೋರಿಯಾಮಾ
ನವೆಂಬರ್ ೨೦, ಬುಧವಾರ

ಪ್ರೀತಿಯ ಕೆಂಗೊ,

ದೂರದಿಂದಲೇ ನಿನ್ನ ತಲೆ ಸವರಿ ಬರೆಯಲು ಕೂತಿದ್ದೇನೆ. ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೇ, ಇಲ್ಲ ನಮ್ಮ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ತಡೆದು ಹಿಡಿದಿರುತ್ತೀಯೇ? ಸಪ್ಪೊರೊದಲ್ಲಿ ಆಗಲೇ ಹಿಮ ಬಿತ್ತೆಂದು ಟಿವಿಯಲ್ಲಿ ತೋರಿಸಿದರು. ರಸ್ತೆ ದಾಟುತ್ತಿದ್ದ ಗುಂಪಿನಲ್ಲಿ ಒಬ್ಬ ನಿನ್ನ ಹಾಗೇ ಬೆನ್ನು ಬಗ್ಗಿಸಿಕೊಂಡು ಹೋಗುತ್ತಿದ್ದ. "ಅಲ್ನೋಡೇ, ನಿಮ್ಮಪ್ಪ" ಎಂದೆ. ನಿನ್ನ ಮಗಳು ಚಿಹೊ ಒಂದು ಕಣ್ಣು ಹಾಯಿಸಿ, "ಅಲ್ಲ ಅಜ್ಜಿ, ಅಪ್ಪಂಗೆ ಅಷ್ಟು ಕೂದ್ಲೆಲ್ಲಿದೆ" ಎಂದಳು. ಅವಳ ಬಾಯಿ ಯಾರಿಂದ ಬಂದದ್ದೆಂದು ನನ್ನನ್ನು ಕೇಳಬೇಡ. ಬಿಸಿನೀರು ಹುಯ್ದುಕೊಂಡು ತಿನ್ನುವ ನೂಡಲ್ಸಿನಲ್ಲೇ ದಿನ ತಳ್ಳಬೇಡ. ಒಂದು ಮೂಲಂಗಿ ಹೆಚ್ಚಿ ಬೇಯಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಐವತ್ತು ದಾಟಿದವನಿಗೆ ಇದನ್ನೂ ನಾನೇ ಹೇಳಬೇಕು.

ಇಲ್ಲಿ ನಾವು ಮೂವರೂ ಆರಾಮ. ನಿನ್ನ ಹೆಂಡತಿ ಸತ್ಸುಕಿ ಎಂದಿನಂತೆ ಬೆಳಗಿನ ಜಾವ ಬೇಕರಿಗೆ ಹೋಗಿ ಮಧ್ಯಾಹ್ನ ಮೈತುಂಬ ಬ್ರೆಡ್ಡಿನ ವಾಸನೆ ಹೊತ್ತು ಬರುತ್ತಾಳೆ. ಚಿಹೊ ನನ್ನ ಭುಜದವರೆಗೆ ಬೆಳೆದಿದ್ದಾಳೆ, ಇಲ್ಲ ನಾನು ಅವಳ ಕಡೆಗೆ ಇಳಿದಿದ್ದೇನೆ. ನನ್ನ ಮಂಡಿ ಚಳಿಗೆ ಗೊಣಗುತ್ತದೆ, ನಾನು ಅದರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಹ್ಞೂಂ, ಹ್ಞೂಂ" ಎನ್ನುತ್ತ ಇನ್ನೇನೋ ಮಾಡುತ್ತಿರುತ್ತೀ. ಕಾಗದವಾದರೆ ಓದಲೇಬೇಕು, ಅದೂ ಬೆಚ್ಚನೆ ಬಟ್ಟೆಯ ಜೊತೆ ಬಂದ ಕಾಗದ. ಪಾರ್ಸೆಲಿನಲ್ಲಿರುವ ಉಣ್ಣೆಯ ಒಳಪ್ಯಾಂಟುಗಳನ್ನು ಈಗಲೇ ಹಾಕಿಕೊಳ್ಳಬೇಡ. ಮೊದಲು ಇದನ್ನು ಓದಿ ಮುಗಿಸು.

ನಿನಗೆ ಗೊತ್ತಿರುವ ವಿಷಯದಿಂದಲೇ ಶುರುಮಾಡುತ್ತೇನೆ. ವಸಂತದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನಾನು ಯಾರನ್ನೂ ಕೇಳದೆ ಊರಾಚೆಯ ವೃದ್ಧರ ನಿಲಯಕ್ಕೆ ಹೋಗಿ ಹೆಸರು ಬರೆಸಿ ಬಂದಿದ್ದೆ. ಈಗ ಅಲ್ಲಿ ಒಂದು ಕೋಣೆ ಖಾಲಿಯಾಗಿದೆ, ತಿಂಗಳು ಮುಗಿಯುವುದರೊಳಗೆ ಒಪ್ಪಿಗೆ ಹೇಳಬೇಕು ಎಂದಿದ್ದರು. ನೀನು "ನಿನ್ನಿಷ್ಟ ಅಮ್ಮ" ಎಂದು ಕೈತೊಳೆದುಕೊಂಡೆ. ಸತ್ಸುಕಿ ಏನೂ ಹೇಳಲಿಲ್ಲ. ಈ ಮನೆಗೆ ಬಂದಾಗಿನಿಂದ ಅವಳು ನನ್ನೆದುರು "ಹೌದು ಅತ್ತೆ" ಎನ್ನುವುದಕ್ಕಿಂತ ಉದ್ದದ ಮಾತು ಆಡಿದವಳಲ್ಲ. ಹೋಗುವುದೇ ಸರಿ ಎಂದು ನಾನು ಗಟ್ಟಿಮಾಡಿಕೊಂಡಿದ್ದೆ. ನಿಮ್ಮಪ್ಪ ಹಾಸಿಗೆ ಹಿಡಿದು ಏಳು ವರ್ಷ ಮಲಗಿದ್ದರು. ಮಗ್ಗುಲು ತಿರುಗಿಸುವುದು, ತೊಳೆಯುವುದು, ಒರೆಸುವುದು, ಎತ್ತಿ ಕೂರಿಸುವುದು, ಎಲ್ಲವನ್ನೂ ಈ ಎರಡು ಕೈಗಳೇ ಮಾಡಿದವು. ಬಟ್ಟೆ ಬದಲಿಸುವಾಗ ಅವರು ನನ್ನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗುತ್ತಿದ್ದರು. ಒಳ್ಳೆಯ ಮನುಷ್ಯ, ಪಾಪ. ಆ ಕೆಲಸ ಸತ್ಸುಕಿಯ ಪಾಲಿಗೆ ಬರಕೂಡದು, ಆ ಗೋಡೆ ನನ್ನ ಪಾಲಿಗೆ ಬರಕೂಡದು ಎಂದು ಆಗಲೇ ತೀರ್ಮಾನಿಸಿದ್ದೆ.

ಹೋಗುವ ಮೊದಲು ಒಂದೇ ಒಂದು ಆಸೆ ಹೇಳಿಕೊಂಡೆ. ಮೂವರೂ ಸೈಕಲ್ಲಿನಲ್ಲಿ ಇಕಾರುಗಾಕ್ಕೆ ಹೋಗಿ ಹಳೆಯ ಗುಡಿಗಳನ್ನು ನೋಡಿಬರೋಣ ಎಂದು. ಚಿಹೊಗೆ ಶಾಲೆಯಲ್ಲಿ ಅದೇ ಪಾಠ ನಡೆಯುತ್ತಿದೆ, ಕಾಕಿ ಹಣ್ಣು ಕಿತ್ತಳೆ ಬಣ್ಣಕ್ಕೆ ಬಂದಿದೆ, ಗಾಳಿಯೂ ಇಲ್ಲ ಎಂದೆಲ್ಲ ನೆಪ ಹೇಳಿದೆ. ನಿಜ ಬೇರೆ ಇತ್ತು. ಹೋರ್ಯೂಜಿ ದೇವಾಲಯದ ದಕ್ಷಿಣಕ್ಕೆ, ಗದ್ದೆಗಳನ್ನು ದಾಟಿದರೆ ಒಂದು ಚಿಕ್ಕ ಗುಡಿಯಿದೆ. ನಮ್ಮ ವಯಸ್ಸಿನ ಹೆಂಗಸರಿಗೆಲ್ಲ ಅದು ಗೊತ್ತು, ನಿಮ್ಮ ವಯಸ್ಸಿನವರಿಗೆ ನಾವು ಹೇಳುವುದಿಲ್ಲ. ಹೊಸ ಚಡ್ಡಿ ಒಯ್ದು ಬುದ್ಧನ ಮುಂದಿಟ್ಟು, ಹೆಸರು ಹೇಳಿ ಪ್ರಾರ್ಥನೆ ಮಾಡಿಸಿ, ತಂದು ಹಾಕಿಕೊಂಡರೆ ಸಾಕು. ಹಾಸಿಗೆ ಹಿಡಿಯದೆ, ಸೊಂಟದ ಕೆಳಗೆ ಇನ್ನೊಬ್ಬರ ಕೈ ಸೋಕಿಸಿಕೊಳ್ಳದೆ, ಒಂದು ದಿನ ಪಟ್ಟನೆ ಹೋಗಿಬಿಡಬಹುದು ಎಂದು ನಂಬಿಕೆ. ನಗಬೇಡ. ಪಕ್ಕದ ಬೀದಿಯ ಮಾಸುಕೊ ಪ್ರತಿವರ್ಷ ಹೋಗಿಬರುತ್ತಿದ್ದಳು. ಹೋದ ವರ್ಷ ಒಂದು ಬೆಳಿಗ್ಗೆ ತನ್ನ ಬಂಗಾರದ ಮೀನಿನ ಕೊಳದ ಕಟ್ಟೆಯ ಮೇಲೆ ಕೂತವಳು ಕೂತ ಹಾಗೇ ಹೋದಳು. ಲೋಟದಲ್ಲಿದ್ದ ಚಹಾ ಇನ್ನೂ ಬಿಸಿಯಿತ್ತಂತೆ. ಆ ಸಾವಿನ ಮೇಲೆ ಇಲ್ಲಿಯ ಮುದುಕಿಯರಿಗೆಲ್ಲ ಹೊಟ್ಟೆಕಿಚ್ಚು. ನನಗೂ ಇತ್ತು.

ಹೀಗೆ, ನಿಲಯಕ್ಕೆ ಹೋಗುವ ಮೊದಲು ಆ ಕೆಲಸ ಮುಗಿಸಿಕೊಂಡುಬಿಟ್ಟರೆ ಅಲ್ಲಿಯವರಿಗೂ ನನ್ನಿಂದ ತೊಂದರೆಯಿಲ್ಲ ಎಂಬುದು ನನ್ನ ಲೆಕ್ಕಾಚಾರ. ಗುಟ್ಟಾಗಿ ಪೇಟೆಗೆ ಹೋಗಿ ಬಿಳಿ ಹತ್ತಿಯ ಚಡ್ಡಿಗಳನ್ನು ತಂದೆ. ನಿಮ್ಮಪ್ಪನ ತಿಥಿಗೆ ಬಂದವರಿಗೆ ಹಂಚಿ ಮಿಕ್ಕ ನೇರಳೆ ಬಣ್ಣದ ಚೌಕ ಬಟ್ಟೆಗಳು ಒಂದು ರಾಶಿ ಇವೆಯಲ್ಲ, ಅವುಗಳಲ್ಲೊಂದರಲ್ಲಿ ಸುತ್ತಿ ಗಂಟು ಕಟ್ಟಿದೆ. ನಮ್ಮ ಮನೆಯಲ್ಲಿ ಏನು ಸುತ್ತುವುದಿದ್ದರೂ ಅದೇ ಬಟ್ಟೆ. ಬೆಳಿಗ್ಗೆ ಮರೆಯಬಾರದೆಂದು ಬಾಗಿಲ ಬಳಿ ಚಪ್ಪಲಿ ಗೂಡಿನ ಮೇಲಿಟ್ಟು ಮಲಗಿದೆ.

ಭಾನುವಾರ ಹೊರಟೆವು. ಮುಂದೆ ಚಿಹೊ, ನಡುವೆ ನಾನು, ಹಿಂದೆ ಬ್ಯಾಟರಿ ಸೈಕಲ್ಲಿನಲ್ಲಿ ಸತ್ಸುಕಿ. ಕಳ್ಳಿಯನ್ನು ಠಾಣೆಗೆ ಕರೆದೊಯ್ಯುವ ಹಾಗಿತ್ತು. ಚಿಹೊ ನನ್ನ ತಲೆಗೆ ತನ್ನ ಹಳೆಯ ಹೆಲ್ಮೆಟ್ ಬಿಗಿದು, ಗಲ್ಲದ ಕೆಳಗೆ ಪಟ್ಟಿ ಎಳೆದು, "ಅಜ್ಜಿ, ಇದಿಲ್ದಿದ್ರೆ ನಾನು ಬರಲ್ಲ" ಎಂದಳು. ಅದರ ಮೇಲೆ ಮೊಲದ ಚಿತ್ರವಿದೆ. ಎಪ್ಪತ್ತೆಂಟರ ಮುದುಕಿ ತಲೆಯ ಮೇಲೆ ಮೊಲ ಕೂರಿಸಿಕೊಂಡು ಮೀನಿನ ಕೊಳಗಳ ನಡುವೆ ಹೋಗುವುದನ್ನು ನೋಡಲು ಬೀದಿಯವರೆಲ್ಲ ಎದ್ದಿದ್ದರು. ಗಂಟನ್ನು ನನ್ನ ಮುಂದಿನ ಬುಟ್ಟಿಯಲ್ಲೇ ಇಟ್ಟುಕೊಂಡಿದ್ದೆ. ಎತ್ತುವಾಗ ಹಿಂದಿನ ದಿನಕ್ಕಿಂತ ತೂಕ ಅನ್ನಿಸಿತು. ಮನಸ್ಸಿನ ಭಾರ ಇರಬೇಕು ಎಂದುಕೊಂಡೆ, ನೋಡು ಎಂಥ ದಡ್ಡಿ. "ತಿಂಡೀನಾ ಅಜ್ಜಿ?" ಎಂದು ಚಿಹೊ ಕೈ ಹಾಕಲು ಬಂದಳು. ಹೊಡೆಯುವಂತೆ ಕೈ ಎತ್ತಿದೆ.

ಮೊದಲು ಸಿಕ್ಕಿದ್ದು ಹೋಕಿಜಿ ಗುಡಿ. ಗದ್ದೆಗಳ ಆಚೆ ಅದರ ಮೂರಂತಸ್ತಿನ ಗೋಪುರ ಕಂಡಾಗ ಚಿಹೊ ಸೈಕಲ್ ಮೇಲಿಂದಲೇ ಪಾಠ ಒಪ್ಪಿಸಲು ಶುರುಮಾಡಿದಳು. ಯಾವ ಶತಮಾನ, ಯಾವ ರಾಜಕುಮಾರ, ಎಲ್ಲ ಬಾಯಿಪಾಠ. ಅಲ್ಲಿಂದ ಎರಡನೆಯ ಗುಡಿಗೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ನೀನು ಚಿಕ್ಕವನಿದ್ದಾಗ ಅಲ್ಲಿ ಇಳಿದು ಅಳುತ್ತಿದ್ದೆ. ಚಿಹೊ ಸರಸರ ಹತ್ತಿಹೋದಳು. ನನ್ನ ಮಂಡಿ ಕಿರುಚತೊಡಗಿತು. ಹಿಂದಿನಿಂದ ಸತ್ಸುಕಿ ಪಕ್ಕಕ್ಕೆ ಬಂದು ನನ್ನ ಬೆನ್ನಿಗೆ ಕೈ ಕೊಟ್ಟು ತಳ್ಳಲು ನೋಡಿದಳು. "ಕೈ ತೆಗಿ" ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. "ಹೌದು ಅತ್ತೆ" ಎಂದು ಹಿಂದೆ ಸರಿದಳು. ಇಳಿಯದೆ, ಯಾರ ಕೈಯನ್ನೂ ಮುಟ್ಟಿಸಿಕೊಳ್ಳದೆ ಮೇಲೆ ಹತ್ತಿದೆ. ಮೇಲೆ ಹೋದ ಮೇಲೆ ಕಣ್ಣು ಕತ್ತಲೆ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ನಾನು ಚಿಹೊಳಷ್ಟು ಇದ್ದಾಗ ಆ ಎರಡನೆಯ ಗುಡಿಯಲ್ಲಿ ಗೋಪುರವೇ ಇರಲಿಲ್ಲ, ಸಿಡಿಲು ಬಡಿದು ಸುಟ್ಟುಹೋಗಿತ್ತು. ಆಮೇಲೆ ಜನ ಸೇರಿ ಮತ್ತೆ ಕಟ್ಟಿದರು. ಅದನ್ನು ಹೇಳಿದೆ. "ಹಾಗಾದ್ರೆ ಈ ಗೋಪುರಕ್ಕಿಂತ ನೀನೇ ಹಳಬಳು" ಎಂದು ಚಿಹೊ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನ್ನ ನೋಡೋಕೂ ಒಂದು ಟಿಕೆಟ್ ಇಡು" ಎಂದೆ. ಸತ್ಸುಕಿ ಮುಖ ಆ ಕಡೆ ಮಾಡಿ ನಕ್ಕಳು.

ಹೋರ್ಯೂಜಿಯಲ್ಲಿ ಶಾಲಾ ಮಕ್ಕಳ ಗದ್ದಲ. ಐದಂತಸ್ತಿನ ಗೋಪುರದ ಕೆಳಗೆ ಒಬ್ಬ ಮಾರ್ಗದರ್ಶಿ ಬಾವುಟ ಹಿಡಿದು ತನ್ನ ಗುಂಪಿಗೆ ವಿವರಿಸುತ್ತಿದ್ದ. ಸಾವಿರದ ಮುನ್ನೂರು ವರ್ಷ ಇದು ಸುಮ್ಮನೆ ನಿಂತಿಲ್ಲ, ಮರ ಹಾಳಾದ ಕಡೆಯಲ್ಲೆಲ್ಲ ಕೊಯ್ದು ತೆಗೆದು ಹೊಸದನ್ನು ಜೋಡಿಸುತ್ತ ಬಂದಿದ್ದಾರೆ ಎಂದು. ಚಿಹೊ ಕಿವಿಗೊಟ್ಟು ಕೇಳಿ, "ಅಷ್ಟೊಂದು ಜನ ನೋಡ್ಕೊಂಡ್ರೆ ನಾನೂ ನಿಂತಿರ್ತೀನಿ" ಎಂದಳು. ನನಗೆ ಗೋಪುರದ ಮೇಲೆ ಗಮನವಿರಲಿಲ್ಲ. ಸೈಕಲ್ ನಿಲ್ಲಿಸಿದ ಕಡೆ ಗಂಟನ್ನು ಬಿಟ್ಟುಬಂದಿರಲಿಲ್ಲ, ಎದೆಗೆ ಅವಚಿಕೊಂಡೇ ಓಡಾಡುತ್ತಿದ್ದೆ.

ಊಟದ ಹೊತ್ತಿಗೆ ಚಿಕ್ಕ ಗುಡಿಯ ಮುಂದೆ ಬಂದಿದ್ದೆವು, ನಾನೇ ದಾರಿ ತಪ್ಪಿಸಿ ತಂದಿದ್ದೆ. ಬಾಗಿಲ ಹೊರಗಿನ ಕಲ್ಲುಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿ, ಕಾಕಿ ಎಲೆಯಲ್ಲಿ ಸುತ್ತಿದ ಮೀನಿನನ್ನದ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. "ನೀವು ತಿಂತಿರಿ, ನಾನು ಕೈಮುಗಿದು ಬರ್ತೀನಿ" ಎಂದು ಒಳಗೆ ಹೋದೆ. ಅಲ್ಲಿಯ ಪೂಜಾರಿಗೆ ಜೋರು ನೆಗಡಿ, ಮೂಗು ಕೆಂಪಾಗಿತ್ತು. ಯಾಕೆ ಬಂದಿರಿ ಎಂದು ಕೇಳಲೂ ಇಲ್ಲ, ನನ್ನ ವಯಸ್ಸು ನೋಡಿದರೆ ಸಾಕಿತ್ತು. ಗಂಟನ್ನು ತಟ್ಟೆಯ ಮೇಲಿಟ್ಟು, ಬುದ್ಧನ ಮುಂದೆ ಕೂತು, ಬಿಚ್ಚಿ ಹರಡಿದ. ಹರಡುತ್ತಲೇ ಇದ್ದ. ಬಿಳಿ ಚಡ್ಡಿಗಳ ಬದಲು ಅದರಿಂದ ಬೂದುಬಣ್ಣದ ಎರಡು ಉದ್ದುದ್ದ ಕಾಲುಗಳು ಇಳಿದುಬಂದವು.

ನಿನ್ನವು ಕಣೋ. ಸೋಮವಾರ ನಿನಗೆ ಕಳಿಸಬೇಕೆಂದು ಸತ್ಸುಕಿ ರಾತ್ರಿ ಸುತ್ತಿ, ಅದೇ ನೇರಳೆ ಚೌಕದಲ್ಲಿ ಗಂಟು ಕಟ್ಟಿ, ಅದೇ ಚಪ್ಪಲಿ ಗೂಡಿನ ಮೇಲೆ ನನ್ನ ಗಂಟಿನ ಪಕ್ಕದಲ್ಲಿಟ್ಟಿದ್ದಳು. ನಿಮ್ಮ ಕಂಪನಿಯ ವಸತಿಯಲ್ಲಿ ಬಟ್ಟೆ ಅದಲುಬದಲಾಗಬಾರದೆಂದು ಅವಳು ಸೊಂಟದ ಪಟ್ಟಿಯ ಮೇಲೆ ನಿನ್ನ ಹೆಸರನ್ನು ದಾರದಲ್ಲಿ ಹೊಲಿದಿರುತ್ತಾಳಲ್ಲ, ಪೂಜಾರಿ ಕನ್ನಡಕ ಮೇಲೇರಿಸಿ ಅದನ್ನು ಓದಿದ. "ಕೆಂಗೊ ಅಂದ್ರೆ ನಿಮ್ಮ ಯಜಮಾನ್ರಾ?" ಎಂದು ಕೇಳಿದ. "ಮಗ" ಎಂದೆ. ಗಂಟು ಅದಲುಬದಲಾಗಿದೆ ಎಂದು ಹೇಳುವಷ್ಟರಲ್ಲಿ, "ಓ, ಹುಷಾರಿಲ್ವೇನೋ ಪಾಪ" ಎಂದವನು ಡೋಲಿಗೆ ಕೋಲು ಕೊಟ್ಟು ಮಂತ್ರ ಶುರುಮಾಡಿಯೇಬಿಟ್ಟ. ನಾನು ಮೊಣಕಾಲ ಮೇಲೆ ಕೂತವಳು ಕೂತೇ ಇದ್ದೆ. ಮಂತ್ರದ ನಡುವೆ ನಿನ್ನ ಹೆಸರು ಕೇಳಿಸಿತು. ಬೆಚ್ಚಗಿನ ಚಹಾ, ಕೊಳದ ಕಟ್ಟೆ, ಪಟ್ಟನೆ ಹೋಗುವುದು, ಇದನ್ನೆಲ್ಲ ನಾನು ಯಾರಿಗಾಗಿ ಕೇಳುತ್ತಿದ್ದೇನೆ ಎಂಬುದು ಆಗ ತಲೆಗೆ ಹೊಕ್ಕಿತು. ಸಪ್ಪೊರೊದ ರಸ್ತೆಯ ಹಿಮದಲ್ಲಿ ಬೆನ್ನು ಬಗ್ಗಿಸಿಕೊಂಡು ಹೋಗುತ್ತಿರುವ ನನ್ನ ಮಗನಿಗೆ. ಎದ್ದವಳೇ ತಟ್ಟೆಗೆ ಕೈಹಾಕಿ ಒಂದು ಕಾಲು ಹಿಡಿದು ಎಳೆದೆ. ಪೂಜಾರಿ ಗಾಬರಿಯಾಗಿ ಇನ್ನೊಂದು ಕಾಲು ಹಿಡಿದುಕೊಂಡ. "ಬಿಡಿ, ನನ್ನ ಮಗ ಗಟ್ಟಿಯಾಗಿದಾನೆ, ಅವನ ಹೆಸರು ವಾಪಸ್ ತಗೊಳ್ಳಿ" ಎಂದು ನಾನು, "ಅಜ್ಜಿ, ಹರಿದೋಗುತ್ತೆ, ನಿಧಾನ" ಎಂದು ಅವನು. ಬುದ್ಧ ನೋಡುತ್ತಿದ್ದ. ಸತ್ಸುಕಿಯೂ ನೋಡುತ್ತಿದ್ದಳು. ನಾನು ಹೆಲ್ಮೆಟ್ ತೆಗೆಯದೆ ಒಳಗೆ ಹೋಗಿದ್ದೆನೆಂದು ಹೇಳಲು ಬಂದವಳು ಬಾಗಿಲಲ್ಲಿ ನಿಂತಿದ್ದಳು. ಮೊಲದ ಹೆಲ್ಮೆಟ್ ಹಾಕಿಕೊಂಡ ಅತ್ತೆ ದೇವರ ಮುಂದೆ ತನ್ನ ಮಗನ ಒಳಪ್ಯಾಂಟು ಹಿಡಿದು ಜಗ್ಗುತ್ತಿರುವುದನ್ನು ಎಲ್ಲ ಸೊಸೆಯರೂ ನೋಡಿರಲಿಕ್ಕಿಲ್ಲ.

ಪೂಜಾರಿ ಸೀನಿದ, ಹಾಗಾಗಿ ನಾನು ಗೆದ್ದೆ. ಮೂಗೊರೆಸಿಕೊಂಡು ಅವನು, ಇಲ್ಲಿ ಬೇಗ ಸಾಯಲಿ ಎಂದು ಕೇಳುವುದಿಲ್ಲ, ಇರುವಷ್ಟು ದಿನ ಗಟ್ಟಿಯಾಗಿರಲಿ ಎಂದು ಕೇಳುವುದು ಎಂದೇನೋ ಹೇಳಿದ. ಇದ್ದರೂ ಇರಬಹುದು. ನಾನು ಕೇಳಲು ಹೋದದ್ದು ಅದನ್ನಲ್ಲ ಎಂಬುದು ನನಗೆ ಗೊತ್ತಿತ್ತು. ಹೊರಗಿನ ಜಗಲಿಗೆ ಬಂದು ನಿನ್ನ ಒಳಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸತ್ಸುಕಿ ಪಕ್ಕದಲ್ಲಿ ಕೂತಳು. ಎಲ್ಲವನ್ನೂ ಹೇಳಬೇಕಾಯಿತು, ಹತ್ತಿ ಚಡ್ಡಿ, ಮಾಸುಕೊ, ನಿಲಯ, ಗೋಡೆಯ ಕಡೆ ತಿರುಗಿದ ನಿಮ್ಮಪ್ಪನ ಮುಖ. ಅವಳು ನನ್ನ ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ, ಹೆಲ್ಮೆಟ್ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು ಮಾತಾಡಿದಳು. ಅವಳ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. "ಅವರ ಹೆಸರು ಕೂಗಿದ್ದಕ್ಕೆ ನಿಮ್ಮ ಜೀವ ಬಾಯಿಗೆ ಬಂತಲ್ಲ ಅತ್ತೆ. ಗಂಟು ತಪ್ಪದೇ ಇದ್ದಿದ್ರೆ ನಿಮ್ಮ ಹೆಸರು ಕೂಗ್ತಿದ್ರು. ಆಗ ನಾನು ಹೊರಗೆ ಕೂತು ಮೀನಿನನ್ನ ತಿಂತಾ ಇರ್ಬೇಕಿತ್ತಾ?"

ಒಳಪ್ಯಾಂಟನ್ನು ಮಡಚುತ್ತ, "ನಿನಗೆ ಗೊತ್ತಿಲ್ಲ ಕಣೇ. ಏಳು ವರ್ಷ ಎತ್ತಿ ಇಳಿಸಿ ನನ್ನ ಸೊಂಟ ಬಿದ್ದೋಯ್ತು. ಅದು ನಿನಗೆ ಬೇಡ" ಎಂದೆ. "ಗೊತ್ತು ಅತ್ತೆ. ನೀವು ಎತ್ತಿದ್ದು ತಪ್ಪಲ್ಲ, ಒಬ್ರೇ ಎತ್ತಿದ್ದು ತಪ್ಪು. ಯಾರನ್ನೂ ಕರೀಲಿಲ್ಲ ನೀವು. ಇವತ್ತು ಆ ಏರಲ್ಲೂ ನನ್ನ ಕೈ ತಳ್ಳಿದ್ರಿ" ಎಂದಳು. ಮತ್ತೆ, "ನಿಲಯದಲ್ಲಿ ನಿಮ್ಮನ್ನ ತೊಳೆಯೋರು ಯಾರೋ ಏನೋ. ನಂಗೆ ಬ್ರೆಡ್ಡಿನ ಹಿಟ್ಟು ನಾದಿ ನಾದಿ ತೋಳು ಗಟ್ಟಿಯಾಗಿದೆ" ಎಂದು ತೋಳು ಮಡಿಸಿ ತೋರಿಸಿದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅತ್ತದ್ದೇ ಹೆಚ್ಚು. ಅಷ್ಟರಲ್ಲಿ ಚಿಹೊ ಖಾಲಿ ಡಬ್ಬಿ ಹಿಡಿದುಕೊಂಡು ಬಂದು, "ಅಜ್ಜಿ, ಅಪ್ಪನ ಪ್ಯಾಂಟ್ ಯಾಕೆ ತಂದಿದೀಯ?" ಎಂದಳು. "ಗಾಳಿಗೆ ಹಾಕೋಕೆ" ಎಂದೆ. ಅವಳು ನಂಬಲಿಲ್ಲ, ಆದರೆ ಮೀನಿನನ್ನ ನನಗೆ ಒಂದು ತುತ್ತನ್ನೂ ಉಳಿಸಿರಲಿಲ್ಲವಾದ್ದರಿಂದ ಹೆಚ್ಚು ಕೇಳಲಿಲ್ಲ.

ಬರುವಾಗ ಅದೇ ದಾರಿ, ಆಚೆ ಕಡೆಯಿಂದ ಅದೇ ಏರು. ಅರ್ಧಕ್ಕೆ ಬರುವಾಗ ನನ್ನ ಸೈಕಲ್ ಓಲಾಡತೊಡಗಿತು. ಸತ್ಸುಕಿ ಪಕ್ಕಕ್ಕೆ ಬಂದಳು, ಕೈ ಚಾಚಲಿಲ್ಲ, ನನ್ನ ಮುಖ ನೋಡಿದಳು. "ಹ್ಞೂಂ, ತಳ್ಳು" ಎಂದೆ. ಅವಳ ಅಂಗೈ ನನ್ನ ಬೆನ್ನ ಮೇಲೆ ಬಿತ್ತು. ಬೆಚ್ಚಗಿತ್ತು, ದೊಡ್ಡದಾಗಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ಕೈ ಅಷ್ಟು ದೊಡ್ಡದೆಂದು ನಾನು ನೋಡಿರಲಿಲ್ಲ. ಏರು ಹತ್ತಿದ್ದೇ ಗೊತ್ತಾಗಲಿಲ್ಲ.

ನಾನು ಎಲ್ಲಿಗೂ ಹೋಗುವುದಿಲ್ಲ. ಸೋಮವಾರ ನಿಲಯಕ್ಕೆ ನಾನೇ ಫೋನ್ ಮಾಡಿ, ಆ ಕೋಣೆಯನ್ನು ಬೇಕಾದವರಿಗೆ ಕೊಡಿ ಎಂದೆ. ನಾಳೆ ಹಾಸಿಗೆ ಹಿಡಿದರೆ ಹಿಡಿಯುತ್ತೇನೆ. ಗೋಡೆ ಕಡೆ ತಿರುಗುವುದಿಲ್ಲ, ಸತ್ಸುಕಿಯ ಮುಖವನ್ನೇ ನೋಡುತ್ತ ಸಿಕ್ಕಾಪಟ್ಟೆ ಬೈಯುತ್ತ ಮಲಗಿರುತ್ತೇನೆ. ಬಚ್ಚಲಿಗೆ ಹಿಡಿಕೆ ಹಾಕಿಸಲು ಬಡಗಿಗೆ ಹೇಳಿದ್ದಾಯಿತು. ಸೈಕಲ್ ಮಾತ್ರ ಬಿಡುವುದಿಲ್ಲ, ಅದನ್ನು ಯಾರೂ ಕೇಳಕೂಡದು. ಹೊಸ ಹತ್ತಿ ಚಡ್ಡಿಗಳನ್ನೂ ಹಾಕಿಕೊಳ್ಳಲು ಶುರುಮಾಡಿದ್ದೇನೆ. ಪ್ರಾರ್ಥನೆಯಿಲ್ಲದೆಯೂ ಮೆತ್ತಗಿವೆ.

ಮೈ ಹುಷಾರು, ಮಗಾ. ಹಿಮದ ಮೇಲೆ ನಿಧಾನ ನಡೆ. ನನಗಿಂತ ಬಹಳ ದಿನ ಬಾಳು, ತಲೆ ಪೂರ್ತಿ ಬೋಳಾಗಿ ಚಿಹೊಳ ಮಕ್ಕಳ ಕೈಯಲ್ಲಿ ಆಡಿಸಿಕೊಳ್ಳುವಷ್ಟು ದಿನ ಬಾಳು. ನೀನು ಹೇಗಿದ್ದೀಯೆಂದು ಕೇಳಿದ್ದಾಗಿ ಬರೆಯಲು ಸತ್ಸುಕಿ ಹೇಳಿದಳು, ಚಿಹೊ ಏನೂ ಹೇಳದೆ ಪಾರ್ಸೆಲಿನೊಳಗೆ ಒಂದು ಕಾಕಿ ಹಣ್ಣು ತುರುಕಿದ್ದಾಳೆ, ಒಡೆಯುವ ಮೊದಲು ತಿನ್ನು.

ನಿನ್ನ ಅಮ್ಮ,
ಕಿಮಿಯೊ

ಮರೆತಿದ್ದು: ಒಳಪ್ಯಾಂಟುಗಳನ್ನು ಎರಡು ಸಲ ಒಗೆದಿದ್ದೇನೆ, ಹೆದರದೆ ಹಾಕಿಕೋ. ಇನ್ನೊಂದು. ಮುಂದಿನ ವರ್ಷ ಎಲ್ಲಿಗೆ ವರ್ಗವಾಗಿ ಹೋಗಲು ಇಷ್ಟ ಎಂದು ನಿಮ್ಮ ಕಂಪನಿಯವರು ಡಿಸೆಂಬರಿನಲ್ಲಿ ಕೇಳುತ್ತಾರಂತೆ, ನೀನು ಪ್ರತಿಸಲವೂ "ಎಲ್ಲಾದರೂ ಸರಿ" ಎನ್ನುತ್ತೀಯಂತೆ. ಸತ್ಸುಕಿ ಹೇಳಿದಳು, ನಾನು ಕೇಳಿದ ಮೇಲೆಯೇ ಹೇಳಿದಳು. ಈ ಸಲ "ಮನೆಗೆ" ಎನ್ನು. ಮಲಗಿದವರನ್ನು ಎತ್ತಲು ಇಬ್ಬರು ಬೇಕು. ತಲೆಯ ಕಡೆ ಅವಳು ಹಿಡಿಯುತ್ತಾಳಂತೆ. ಕಾಲಿನ ಕಡೆಯ ಜಾಗ ನಿನ್ನದು.